ಕಡಲು ಕೊಂಡೊಯ್ದ ಪಟ್ಟಣ

ಇಂಗ್ಲೆಂಡಿನ ಪೂರ್ವತೀರದಲ್ಲಿ ಸಫೋಕ್ ಎಂಬ ಕೌಂಟಿಯಿದೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗ. ಲಂಡನ್ನಿನಿಂದ ಈಶಾನ್ಯಕ್ಕೆ ಹೊರಟು ಇಲ್ಲಿಗೆ ಬಂದ ಪ್ರವಾಸಿಗೆ ಗಗನಚುಂಬಿ ಪರ್ವತಗಳಾಗಲಿ, ಅಲೆಗಳಿಗೆ ಎದೆಯೊಡ್ಡಿ ನಿಂತ ಕರಿಬಂಡೆಗಳಾಗಲಿ ಕಾಣಸಿಗುವುದಿಲ್ಲ. ತಗ್ಗಾದ ಬಯಲು, ಜೊಂಡು ಬೆಳೆದ ಜವುಗು, ಹೆಜ್ಜೆಯಿಟ್ಟರೆ ಕರಕರನೆ ಸದ್ದುಮಾಡುವ ನೊರಜುಗಲ್ಲಿನ ದಂಡೆ, ಅದರ ಬೆನ್ನಿಗೆ ಸಡಿಲ ಮರಳಿನ ಗುಡ್ಡ. ಮುಂದೆ ಬೂದುಬಣ್ಣದ ಉತ್ತರ ಸಮುದ್ರ. ನೋಟಕ್ಕೆ ಇಷ್ಟು ಸೌಮ್ಯವಾದ ಈ ತೀರವು ಇಂಗ್ಲೆಂಡಿನಲ್ಲಿ ಅತಿ ವೇಗವಾಗಿ ಸವೆಯುತ್ತಿರುವ ತೀರಗಳಲ್ಲೊಂದು.

ಈ ತೀರದ ಕಥೆಯನ್ನು ಅರಿಯಬೇಕಾದರೆ ಡನಿಚ್ ಎಂಬ ಹಳ್ಳಿಗೆ ಹೋಗಬೇಕು. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಇನ್ನೂರಕ್ಕೂ ಕಡಿಮೆ ಮಂದಿ. ಒಂದು ಇಗರ್ಜಿ, ಒಂದು ಪಾನಗೃಹ, ಪುಟ್ಟದೊಂದು ವಸ್ತುಸಂಗ್ರಹಾಲಯ, ಬೆರಳೆಣಿಕೆಯ ಮನೆಗಳು—ಊರೆಂದರೆ ಇಷ್ಟೇ. ಆದರೆ 13ನೆಯ ಶತಮಾನದಲ್ಲಿ ಇದೇ ಡನಿಚ್ ಪೂರ್ವ ಇಂಗ್ಲೆಂಡಿನ ಹೆಸರಾಂತ ಬಂದರು. ಇಲ್ಲಿಂದ ಉಣ್ಣೆ, ಧಾನ್ಯಗಳು ಹೊರಡುತ್ತಿದ್ದವು; ಫ್ರಾನ್ಸಿನ ದ್ರಾಕ್ಷಾರಸ ಬಂದಿಳಿಯುತ್ತಿತ್ತು. ಹಲವು ಇಗರ್ಜಿಗಳು, ಮಠಗಳು, ಸಂತೆಬೀದಿಗಳು ಇದ್ದ ಆ ಪಟ್ಟಣ ಈಗೆಲ್ಲಿ? ದಂಡೆಯಲ್ಲಿ ನಿಂತವನು ನೀರಿನತ್ತ ಕೈತೋರಿಸಬೇಕು!

ಊರು ಮುಳುಗಿತೆಂದೊಡನೆ ನಮಗೆ ದ್ವಾರಕೆಯ ನೆನಪಾಗುತ್ತದೆ. ಕೃಷ್ಣನ ನಿರ್ಗಮನವಾದೊಡನೆ ಸಾಗರ ಉಕ್ಕಿಬಂದು ನಗರವನ್ನೆಲ್ಲ ನುಂಗಿತಂತೆ. ಡನಿಚ್ಚಿನ ಬಗೆಗೂ ಜನರ ಬಾಯಲ್ಲಿ ಇಂಥದೇ ಕಥೆಯಿದೆ. ಸಮುದ್ರದಡಿಯ ಇಗರ್ಜಿಗಳ ಘಂಟಾನಾದ ಇಂದಿಗೂ ಕೆಲವೊಮ್ಮೆ ಕೇಳಿಸುತ್ತದೆಂದು ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಕಥೆ ಮನೋಹರವಾದುದೇ ಸರಿ. ಆದರೆ ಅಲ್ಲಿಯ ಗೋಪುರಗಳು ನಿಂತಂತೆಯೇ ನೀರಿನಲ್ಲಿ ಮುಳುಗಿದವುಗಳಲ್ಲ. ಗುಡ್ಡ ಕುಸಿದಂತೆ ಕಲ್ಲು ಕಲ್ಲಾಗಿ ದಂಡೆಗೆ ಉರುಳಿದವುಗಳು. ಊರು ಕೂಡ ಒಂದೇ ರಾತ್ರಿಯಲ್ಲಿ ಅಳಿಯಲಿಲ್ಲ. ಅಳಿಯಲು ಅದು ತೆಗೆದುಕೊಂಡದ್ದು ಶತಮಾನಗಳನ್ನು.

1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಭೂದಾಖಲೆಯಲ್ಲಿಯೇ ಇದರ ಮುನ್ಸೂಚನೆಯಿದೆ. ಹಿಂದೆ ಎರಡು ನೇಗಿಲ ಉಳುಮೆಯ ಭೂಮಿಯಿದ್ದ ಕಡೆ ಒಂದೇ ಉಳಿದಿದೆಯೆಂದೂ, ಮತ್ತೊಂದನ್ನು ಸಮುದ್ರ ಒಯ್ದಿತೆಂದೂ ಆ ಕಾಲದ ಕರಣಿಕರು ನಿರ್ವಿಕಾರವಾಗಿ ಬರೆದಿಟ್ಟಿದ್ದಾರೆ. 1286ರಿಂದ 1328ರವರೆಗೆ ಬೀಸಿದ ದೊಡ್ಡ ಬಿರುಗಾಳಿಗಳು ಮನೆಗಳನ್ನು ಕೆಡವಿದ್ದಲ್ಲದೆ, ಮತ್ತೂ ಘೋರವಾದ ಇನ್ನೊಂದು ಕಾರ್ಯವನ್ನು ಮಾಡಿದುವು. ಅಲೆಗಳು ಹೊತ್ತುತಂದ ನೊರಜುಗಲ್ಲು ಬಂದರಿನ ಬಾಯನ್ನೇ ಮುಚ್ಚಿತು. ನದಿ ಉತ್ತರಕ್ಕೆ ಹೊರಳಿ ಬೇರೆ ದಾರಿಯಲ್ಲಿ ಕಡಲು ಸೇರಿತು. ಹಡಗುಗಳೂ, ಸುಂಕದ ಹಣವೂ ನೆರೆಯೂರಾದ ವಾಲ್ಬರ್ಸ್‌ವಿಕ್ಕಿನ ಕಡೆಗೆ ಸರಿದುವು. ಎರಡೂರುಗಳ ನಡುವೆ ವ್ಯಾಜ್ಯ ಬೆಳೆದು, ರಕ್ತ ಹರಿಯುವವರೆಗೂ ಹೋಯಿತು.

ಡನಿಚ್ಚಿನ ನಿಜವಾದ ದುರಂತ ಇಲ್ಲಿದೆ. ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಜೀವನೋಪಾಯವೇ ಹೋದರೆ ಕಟ್ಟುವವರಾರು? ವರ್ತಕರು ಗುಳೆ ಹೊರಟರು. ತೀರವನ್ನು ರಕ್ಷಿಸಲು ಹಣವೂ ಉಳಿಯಲಿಲ್ಲ, ಆಸಕ್ತಿಯೂ ಉಳಿಯಲಿಲ್ಲ. ಬಡವಾದ ಊರನ್ನು ಕಡಲು ತನ್ನ ಬಿಡುವಿನಂತೆ ಬೀದಿ ಬೀದಿಯಾಗಿ ಕಬಳಿಸಿತು. ವಿನೋದವೆಂದರೆ, ಊರು ಕರಗಿದರೂ ಅದರ ರಾಜಕೀಯ ಹಕ್ಕು ಕರಗಲಿಲ್ಲ! ಕೈಬೆರಳಲ್ಲಿ ಎಣಿಸುವಷ್ಟು ಮನೆಗಳ ಈ ಕ್ಷೇತ್ರ 1832ರ ಚುನಾವಣಾ ಸುಧಾರಣೆಯ ಶಾಸನ ಬರುವವರೆಗೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಲೇ ಇತ್ತು.

ಹಳೆಯ ಇಗರ್ಜಿಗಳಲ್ಲಿ ಕೊನೆಯದಾದ ಆಲ್ ಸೇಂಟ್ಸ್ 1904ರಲ್ಲಿ ಗುಡ್ಡದಂಚಿನಿಂದ ಕಳಚತೊಡಗಿ, 1919ರಲ್ಲಿ ಗೋಪುರಸಮೇತ ಕಣ್ಮರೆಯಾಯಿತು. ಅದರ ಒಂದು ಆಧಾರಗೋಡೆಯನ್ನು ಮಾತ್ರ ಊರವರು ಉಳಿಸಿ, ಈಗಿರುವ ಸೇಂಟ್ ಜೇಮ್ಸ್ ಇಗರ್ಜಿಯ ಅಂಗಳದಲ್ಲಿ ನಿಲ್ಲಿಸಿದ್ದಾರೆ. ನೀರು ಸದಾ ಕದಡಿರುವುದರಿಂದ ಮುಳುಗುಗಾರರಿಗೆ ಅಲ್ಲಿ ಕಣ್ಣು ಕಾಣಿಸುವುದಿಲ್ಲ. 2008ರಿಂದೀಚೆಗೆ ಸೌತ್‌ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಶಬ್ದತರಂಗಗಳ ಸಹಾಯದಿಂದ ತಳದಲ್ಲಿ ಹರಡಿರುವ ಅವಶೇಷಗಳ ನಕ್ಷೆಯನ್ನು ತಯಾರಿಸಿದ್ದಾರೆ.

ಹಾಗೆಂದು ಸಮುದ್ರ ಕಸಿದುಕೊಳ್ಳುವುದನ್ನು ಮಾತ್ರ ಬಲ್ಲುದೆಂದು ಹೇಳಲಾಗದು. ಡನಿಚ್ಚಿನ ದಕ್ಷಿಣಕ್ಕೆ ಮಿನ್ಸ್‌ಮಿಯರ್ ಎಂಬ ಜವುಗು ಇದೆ. ಅದು ಮೊದಲು ನೀರು ಬಸಿದು ಹುಲ್ಲುಗಾವಲಾಗಿ ಮಾಡಿದ್ದ ನೆಲ. 1940ರಲ್ಲಿ ಜರ್ಮನ್ ಸೇನೆ ಇಳಿಯಬಹುದೆಂಬ ಭೀತಿಯಿಂದ ಅದಕ್ಕೆ ಮತ್ತೆ ನೀರು ಹಾಯಿಸಿದರು. ವೈರಿ ಬರಲಿಲ್ಲ, ಬಂದದ್ದು ಹಕ್ಕಿ. ಮೇಲಕ್ಕೆ ಬಾಗಿದ ಕೊಕ್ಕಿನ, ಕಪ್ಪುಬಿಳುಪು ಮೈಯ ಅವೊಸೆಟ್ ಬ್ರಿಟನ್ನಿನಲ್ಲಿ ಗೂಡುಕಟ್ಟುವುದನ್ನು ಬಿಟ್ಟು ನೂರು ವರ್ಷವಾಗಿತ್ತು. 1947ರಲ್ಲಿ ಅದು ಸಫೋಕ್ ತೀರದಲ್ಲಿ ಮರಳಿ ಮರಿಮಾಡಿತು. ಪಕ್ಷಿಸಂರಕ್ಷಣೆಯ ರಾಜಸಂಘವು ಅದನ್ನೇ ತನ್ನ ಲಾಂಛನವನ್ನಾಗಿ ಮಾಡಿಕೊಂಡಿತು.

ಇದೇ ತೀರಕ್ಕೆ 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಬಂತು. ಇಂಗ್ಲೆಂಡಿನಲ್ಲಿ 307 ಜನ ಮಡಿದರು. ಸಫೋಕಿನ ಫೆಲಿಕ್ಸ್‌ಸ್ಟೋ ಪಟ್ಟಣವೊಂದರಲ್ಲಿಯೇ 41 ಮಂದಿ ಅಸುನೀಗಿದರು. ಕಡಲ್ಕೊರೆತದ ಪ್ರಶ್ನೆ ಗತಕಾಲದ ಕುತೂಹಲವಾಗಿ ಉಳಿದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಭೂಮಿಯ ತಾಪವೇರಿ ಸಮುದ್ರಮಟ್ಟ ಮೇಲೇರುತ್ತಿರುವ ಈ ದಿನಗಳಲ್ಲಿ ಎಲ್ಲೆಲ್ಲಿ ಗೋಡೆ ಕಟ್ಟಬೇಕು, ಎಲ್ಲೆಲ್ಲಿ ನೆಲವನ್ನು ಬಿಟ್ಟುಕೊಡಬೇಕು? ಗುಡ್ಡದಿಂದ ಕಳಚಿದ ಮರಳೇ ತೀರದುದ್ದಕ್ಕೂ ಸಾಗಿ ಬೇರೆಡೆ ದಂಡೆಯಾಗಿ ನಿಂತು ಅಲೆಗಳನ್ನು ತಡೆಯುತ್ತದೆ. ಒಂದೂರಿನ ಗೋಡೆ ಇನ್ನೊಂದೂರಿನ ದಂಡೆಯನ್ನು ಬಡವಾಗಿಸಬಹುದು. ಬಿಟ್ಟುಕೊಡುವುದೇ ವಿವೇಕವೆಂದು ತಜ್ಞರು ಹೇಳಬಲ್ಲರು. ಆದರೆ ಆ ಮಾತನ್ನು ಕೇಳಬೇಕಾದವರು ಗುಡ್ಡದಂಚಿನ ಮನೆಯ ಯಜಮಾನರು.

ಡನಿಚ್ಚಿನ ಗ್ರೇಫ್ರಯರ್ಸ್ ಮಠದ ಸನ್ಯಾಸಿಗಳು ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. 1286ರ ಬಿರುಗಾಳಿಯ ಅನಂತರ ಅವರು ಹಳೆಯ ಮಠವನ್ನು ತೊರೆದು, ಕಡಲಿನಿಂದ ದೂರಕ್ಕೆ, ಒಳನಾಡಿನತ್ತ ಹೊಸದನ್ನು ಕಟ್ಟಿಕೊಂಡರು. ಅದರ ಪಾಳುಗೋಡೆಗಳೂ ಹೆಬ್ಬಾಗಿಲೂ ಇಂದಿಗೂ ನಿಂತಿವೆ. ಏಳು ಶತಮಾನಗಳ ಹಿಂದೆ ಅವರು ನಡುವೆ ಬಿಟ್ಟಿದ್ದ ದೂರವನ್ನೆಲ್ಲ ಸಮುದ್ರ ಕ್ರಮಿಸಿ ಬಂದಿದೆ. ಈಗ ಆ ಗೋಡೆಗಳಿಗೂ ಗುಡ್ಡದಂಚಿಗೂ ನಡುವೆ ಉಳಿದಿರುವ ನೆಲ ಬಹಳವಿಲ್ಲ.