ಬದನಗುಪ್ಪೆಯ ಹಾದಿಯಲ್ಲಿ ಬ್ಯಾಟರಿ ಗಾಡಿ

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟ ಪಯಣಿಗನು ಕಪಿಲೆಯನ್ನು ದಾಟಿ ನಂಜನಗೂಡನ್ನು ಹಿಂದಿಕ್ಕುವಷ್ಟರಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ಬಲಗಡೆಯದು ಗುಂಡ್ಲುಪೇಟೆಗೂ ಅದರಾಚೆಯ ನೀಲಗಿರಿಗೂ ಹೋಗುವ ದಾರಿ. ವಿಹಾರಾರ್ಥಿಗಳ ಕಾರುಗಳೆಲ್ಲ ಅತ್ತ ಧಾವಿಸುತ್ತವೆ. ಎಡಗಡೆಯದು ಚಾಮರಾಜನಗರದ ದಾರಿ. ಇದು ವಿಹಾರದ ದಾರಿಯಲ್ಲ. ಕಚೇರಿ, ಕೋರ್ಟು, ಸಂತೆ, ಆಸ್ಪತ್ರೆ, ಕಾಲೇಜು ಎಂದು ಹಗಲೆಲ್ಲ ಓಡಾಡುವ ಜನರ ದಾರಿ. ಈ ದಾರಿಯಲ್ಲಿ ಖಾದಿಗೆ ಹೆಸರಾದ ಬದನವಾಳು ಮೊದಲು ಸಿಗುತ್ತದೆ. ಹೆಸರಿನ ಮೊದಲ ಮೂರಕ್ಷರಗಳನ್ನು ಅದರೊಡನೆ ಹಂಚಿಕೊಂಡ ಬದನಗುಪ್ಪೆ, ಇನ್ನಷ್ಟು ದೂರ ಸಾಗಿದ ಮೇಲೆ, ಚಾಮರಾಜನಗರಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಉಳಿದಿರುವಾಗ ಎದುರಾಗುತ್ತದೆ.

ಮಳೆನೆರಳಿನ ಬಯಲುಸೀಮೆ ಇದು. ರಾಗಿ, ಜೋಳ, ಹುರುಳಿಯ ಹೊಲಗಳು. ನೀರಿರುವಲ್ಲಿ ಅರಿಸಿನ, ಬಾಳೆ, ಹಿಪ್ಪುನೇರಳೆ. ಮೂಡಣ ದಿಕ್ಕಿಗೆ, ಆಕಾಶ ತಿಳಿಯಾಗಿರುವ ದಿನ, ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿ ಗೆರೆಯಂತೆ ತೋರುತ್ತದೆ. ನಂಜನಗೂಡಿನವರೆಗೆ 1891ರಲ್ಲಿಯೇ ಬಂದಿದ್ದ ರೈಲು ಈ ಬಯಲನ್ನು ಹಾಯ್ದು ಚಾಮರಾಜನಗರವನ್ನು ಮುಟ್ಟಿದ್ದು 1926ರಲ್ಲಿ. 2008ರಲ್ಲಿ ಆ ಕಿರುಹಳಿಯು ಅಗಲವಾಯಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು. 2016ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವು ಹೊಲಗಳ ನಡುವೆಯೇ ಎದ್ದಿತು. ಹೀಗಾಗಿ ಒಂದು ಕಾಲಕ್ಕೆ ವಾರಕ್ಕೊಮ್ಮೆ ಸಂತೆಗೆಂದು ಪೇಟೆಗೆ ಹೋಗುತ್ತಿದ್ದ ಜನ ಈಗ ದಿನಕ್ಕೊಮ್ಮೆ ಹೋಗಿ ಬರಬೇಕಾಗಿದೆ. ಬೆಳಗ್ಗೆ ಊರಿನಿಂದ ನಗರಕ್ಕೆ ಒಂದು ಪ್ರವಾಹ, ನಗರದಿಂದ ಕಾರ್ಖಾನೆಗಳಿಗೆ ಇನ್ನೊಂದು ಪ್ರವಾಹ. ಸಂಜೆ ಎರಡೂ ಹಿಮ್ಮುಖವಾಗುತ್ತವೆ.

ಈ ಪ್ರವಾಹದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸದ್ದಿಲ್ಲದೆ ಬಂದು ಸೇರಿಕೊಂಡದ್ದು ವಿದ್ಯುತ್ ದ್ವಿಚಕ್ರ. ಸದ್ದಿಲ್ಲದೆ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಜನ ಅದಕ್ಕೆ ಇಟ್ಟ ಹೆಸರು ‘ಬ್ಯಾಟರಿ ಗಾಡಿ’. ಅದರಲ್ಲಿ ಎರಡು ಕುಲ. ಒಂದು, ತುಳಿಯುವ ಸೈಕಲ್ಲಿಗೆ ಸಣ್ಣ ಮೋಟಾರು ಸೇರಿಸಿದ್ದು. 250 ವಾಟಿನೊಳಗಿನ ಶಕ್ತಿ, ಗಂಟೆಗೆ 25 ಕಿಲೋಮೀಟರಿನೊಳಗಿನ ವೇಗ, ಬ್ಯಾಟರಿ ಬಿಟ್ಟು 60 ಕಿಲೋಗ್ರಾಮಿನೊಳಗಿನ ತೂಕವಿದ್ದರೆ ನೋಂದಣಿಯೂ ಬೇಡ, ಪರವಾನಗಿಯೂ ಬೇಡ. ಇನ್ನೊಂದು, ಪೆಟ್ರೋಲ್ ಸ್ಕೂಟರಿಗೆ ಸರಿಸಾಟಿಯಾಗಿ ಓಡುವ ದೊಡ್ಡ ಗಾಡಿ. ಅದಕ್ಕೆ ಸಂಖ್ಯಾಫಲಕ, ಪರವಾನಗಿ, ವಿಮೆ ಎಲ್ಲವೂ ಬೇಕು. ವಿದ್ಯುತ್ ವಾಹನಗಳಿಗೆಂದು ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ರೂಪಿಸಿದ್ದು ಕರ್ನಾಟಕವೇ, 2017ರಲ್ಲಿ. ಮರುವರ್ಷ ಬೆಂಗಳೂರಿನ ಏಥರ್ ಸಂಸ್ಥೆಯ ಸ್ಕೂಟರು, 2020ರಲ್ಲಿ ಟಿ.ವಿ.ಎಸ್. ಸಂಸ್ಥೆಯ ಐಕ್ಯೂಬ್ ರಾಜಧಾನಿಯ ಬೀದಿಗಿಳಿದವು. ಅಲ್ಲಿಂದ ಬಯಲುಸೀಮೆಯ ಹಳ್ಳಿಗಳಿಗೆ ಬರಲು ಅವಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ.

ಆದರೆ ಗಾಡಿ ಹಳ್ಳಿಗೆ ಬರುವುದು ಒಂದು. ಸಂಸಾರವು ಆ ಗಾಡಿಗೆ ಒಗ್ಗಿಕೊಳ್ಳುವುದು ಇನ್ನೊಂದು. ಬದನಗುಪ್ಪೆಯಂಥ ಊರಿನ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಯಜಮಾನನಿಗೆ ಊರ ಪಕ್ಕದ ಕಾರ್ಖಾನೆಯಲ್ಲಿ ಕೆಲಸ, ನಡೆದೇ ಹೋಗುತ್ತಾನೆ. ಮನೆಯಾಕೆ ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳದು ಪಾಳಿಯ ಕೆಲಸ. ಒಂದು ವಾರ ಬೆಳಗಿನ ಎಂಟಕ್ಕೆ ಅಲ್ಲಿರಬೇಕು, ಇನ್ನೊಂದು ವಾರ ರಾತ್ರಿ ಎಂಟಕ್ಕೆ ಅಲ್ಲಿಂದ ಹೊರಡಬೇಕು. 2023ರ ಜೂನಿನಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ದುಡ್ಡಿಲ್ಲ. ಬಸ್ಸು ಪುಕ್ಕಟೆಯಾಗಿರುವಾಗ ಸಾಲ ಮಾಡಿ ಗಾಡಿ ಕೊಳ್ಳುವುದೇಕೆ ಎಂದು ನೆರೆಯವರು ಕೇಳಿದರೆ ಅದು ತಪ್ಪೇನೂ ಅಲ್ಲ.

ಉತ್ತರ ಗಡಿಯಾರದಲ್ಲಿದೆ. ಬಸ್ಸು ಪುಕ್ಕಟೆ; ಹೊತ್ತು ಪುಕ್ಕಟೆಯಲ್ಲ. ರಾತ್ರಿಯ ಪಾಳಿಯವಳು ಬರುವುದು ಹತ್ತು ನಿಮಿಷ ತಡವಾದರೆ ಇವಳಿಗೆ ಬಸ್ಸು ತಪ್ಪುತ್ತದೆ. ಬಸ್ಸು ತಪ್ಪಿದರೆ ನಿಲ್ದಾಣದಲ್ಲಿ ಕಾಯುವುದು, ಮನೆಯಲ್ಲಿ ಮಕ್ಕಳು ಊಟಕ್ಕೆ ಕಾಯುವುದು, ಗಂಡ ರಸ್ತೆಯ ಬದಿಗೆ ಬಂದು ನಿಲ್ಲುವುದು. ಇಂಥ ನಾಲ್ಕು ರಾತ್ರಿಗಳು ಕಳೆದರೆ ‘ಈ ಕೆಲಸವೇ ಬೇಡ’ ಎಂಬ ಮಾತು ಮನೆಯೊಳಗೆ ಹುಟ್ಟುತ್ತದೆ. ಆ ಮಾತನ್ನು ಹುಟ್ಟದಂತೆ ಮಾಡುವ ಶಕ್ತಿ ಗಾಡಿಗಿದೆ. ಅವಳು ಕೊಂಡದ್ದು ವಾಹನವನ್ನಲ್ಲ, ತನ್ನ ವೇಳೆಯನ್ನು.

ಹಾಗಾದರೆ ಪೆಟ್ರೋಲ್ ಗಾಡಿಯನ್ನೇ ಕೊಳ್ಳಬಹುದಿತ್ತಲ್ಲ! ಲೆಕ್ಕ ಹಾಕೋಣ. ಹೋಗಿ ಬರಲು 24 ಕಿಲೋಮೀಟರು. ಲೀಟರಿಗೆ 45 ಕಿಲೋಮೀಟರು ಓಡುವ ಸ್ಕೂಟರಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಬೇಕು. ಲೀಟರಿಗೆ ನೂರು ರೂಪಾಯಿ ದಾಟಿದ ದರದಲ್ಲಿ ಅದು ದಿನಕ್ಕೆ ಸುಮಾರು 54 ರೂಪಾಯಿ. ಬ್ಯಾಟರಿ ಗಾಡಿಗೆ ಕಿಲೋಮೀಟರಿಗೆ 30 ವಾಟ್-ಗಂಟೆಯ ಲೆಕ್ಕದಲ್ಲಿ, ಚಾರ್ಜು ಮಾಡುವಾಗಿನ ನಷ್ಟವೂ ಸೇರಿ, ದಿನಕ್ಕೆ ಒಂದು ಯೂನಿಟ್ಟು ಸಾಕು. ಅದು ಸುಮಾರು ಆರು ರೂಪಾಯಿ. ತಿಂಗಳಿಗೆ 25 ದಿನವೆಂದರೆ ಉಳಿತಾಯ ಸಾವಿರದ ಇನ್ನೂರು ರೂಪಾಯಿ. ಕೊಳ್ಳುವಾಗ ಪೆಟ್ರೋಲ್ ಗಾಡಿಗಿಂತ 30 ಸಾವಿರ ಹೆಚ್ಚು ಕೊಟ್ಟಿದ್ದರೆ ಅದು ಕೈಗೆ ಮರಳಲು ಎರಡು ವರ್ಷ ಮೇಲೊಂದು ತಿಂಗಳು ಬೇಕು. 2023ರ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮಿತಿಯನ್ನು ಆಯಾ ಮನೆಯ ಹಿಂದಿನ ಬಳಕೆಯ ಸರಾಸರಿಯ ಮೇಲೆ ಕಟ್ಟಿರುವುದರಿಂದ, ಹೊಸದಾಗಿ ಸೇರುವ 25 ಯೂನಿಟ್ಟು ಆ ಮಿತಿಯನ್ನು ದಾಟಿಸಿಬಿಡಬಹುದು ಎಂಬುದನ್ನೂ ಗೃಹಿಣಿ ಮರೆಯಬಾರದು.

ಮೊದಲ ವಾರ ಭಯದ ವಾರ. “ನಡುದಾರೀಲಿ ನಿಂತೋದ್ರೆ ಏನ್ ಮಾಡ್ತೀಯೆ, ಮಗಾ?” ಎಂದು ಅತ್ತೆ ಕೇಳುತ್ತಾಳೆ. ಸೊಸೆ ನಗುತ್ತಾಳಾದರೂ ಅವಳ ಕಣ್ಣು ರಸ್ತೆಗಿಂತ ಹೆಚ್ಚಾಗಿ ಗಾಡಿಯ ಮುಂಭಾಗದಲ್ಲಿ ಇಳಿಯುತ್ತಿರುವ ಅಂಕಿಯ ಮೇಲಿರುತ್ತದೆ. ಮೂರು ಯೂನಿಟ್ಟು ಹಿಡಿಯುವ ಬ್ಯಾಟರಿಯಲ್ಲಿ ಶೇಕಡ 90 ಇಟ್ಟುಕೊಂಡು ಹೊರಟರೆ ಆಸ್ಪತ್ರೆ ಮುಟ್ಟುವಾಗ 78, ಮನೆಗೆ ಮರಳುವಾಗ 65ರ ಸುಮಾರು. ಎರಡನೆಯ ವಾರ ಈ ಅಂಕಿಗಳು ಬಾಯಿಪಾಠವಾಗುತ್ತವೆ. ಮೂರನೆಯ ವಾರ ಅವಳು ನೋಡುವುದನ್ನೇ ಬಿಡುತ್ತಾಳೆ.

ಬರುವಾಗ ಹೋಗುವಾಗಿಗಿಂತ ಒಂದೆರಡು ಅಂಶ ಹೆಚ್ಚು ಖರ್ಚಾಗುವುದೇಕೆ? ಆಷಾಢವನ್ನು ಕೇಳಬೇಕು. ಚಾಮರಾಜೇಶ್ವರನ ರಥೋತ್ಸವ ನಡೆಯುವುದು ಆಷಾಢದಲ್ಲಿ. ಈ ಸೀಮೆಯಲ್ಲಿ ಬೇರೆಡೆ ಸಾಮಾನ್ಯವಾಗಿ ದೇವರ ತೇರು ಹೊರಡದ ಈ ಮಾಸದಲ್ಲಿ ತೇರೆಳೆಯುವುದು ಚಾಮರಾಜನಗರದ ವೈಶಿಷ್ಟ್ಯ. ಆ ದಿನಗಳಲ್ಲಿ ಪಡುವಣ ಗಾಳಿ ಬಯಲನ್ನೆಲ್ಲ ಗುಡಿಸುತ್ತ ಬೀಸುತ್ತದೆ. ನಗರಕ್ಕೆ ಹೋಗುವಾಗ ಅದು ಬೆನ್ನಿಗೆ, ಊರಿಗೆ ಬರುವಾಗ ಎದೆಗೆ. ಪೆಟ್ರೋಲ್ ಗಾಡಿಯವನಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೈಕಲ್ ತುಳಿಯುತ್ತಿದ್ದ ಅವನ ತಂದೆಗೆ ಚೆನ್ನಾಗಿ ಗೊತ್ತಿತ್ತು. ವೇಗದ ಪಾಠವೂ ಇದೇ ಬಗೆಯದು. ಗಂಟೆಗೆ 40ರ ಬದಲು 60ರಲ್ಲಿ ಹೋದರೆ ಗಾಳಿಯನ್ನು ಸೀಳುವ ಶ್ರಮ ಪ್ರತಿ ಕಿಲೋಮೀಟರಿಗೆ ಎರಡು ಪಟ್ಟನ್ನು ಮೀರುತ್ತದೆ. ಹನ್ನೆರಡು ಕಿಲೋಮೀಟರಿನ ದಾರಿಯಲ್ಲಿ ಉಳಿಯುವುದು ಆರೇ ನಿಮಿಷ. ಏರಿನಲ್ಲಿ ಅವಸರ ಬೇಡ. ಇಳಿಜಾರಿನಲ್ಲಿ ಹಿಡಿ ಸಡಿಲಿಸಿದರೆ ಚಕ್ರ ತಿರುಗುವ ರಭಸವೇ ಬ್ಯಾಟರಿಗೆ ಅಷ್ಟಿಷ್ಟನ್ನು ಹಿಂದಿರುಗಿಸುತ್ತದೆ.

ಸುಗ್ಗಿಯ ಕಾಲದಲ್ಲಿ ರೈತರು ಹುರುಳಿಯನ್ನೂ ರಾಗಿಯನ್ನೂ ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸುವುದು ಈ ಸೀಮೆಯ ಹಳೆಯ ರೂಢಿ. ಆ ಹೊಟ್ಟಿನ ಮೇಲೆ ದ್ವಿಚಕ್ರ ಜಾರುತ್ತದೆ. ನಿಧಾನವೇ ಅದಕ್ಕೆ ಮದ್ದು. ಇನ್ನು ಕುರಿಮಂದೆ ಅಡ್ಡ ಬಂದಾಗ ಸದ್ದಿಲ್ಲದ ಗಾಡಿಯ ಇನ್ನೊಂದು ಗುಣ ಬಯಲಾಗುತ್ತದೆ. ಹಿಂದಿನಿಂದ ಬಂದದ್ದು ಕುರಿಗೂ ಕೇಳದು, ಕುರಿ ಕಾಯುವವನಿಗೂ ಕೇಳದು. ದೂರದಿಂದಲೇ ಹಾರನ್ ಒತ್ತಿ, ವೇಗ ತಗ್ಗಿಸಿ, ಪಕ್ಕಕ್ಕೆ ಸರಿಯುವವರೆಗೆ ಕಾಯುವ ಸೈರಣೆ ಸವಾರನಿಗೆ ಬರಬೇಕು. ಆ ಸೈರಣೆಗೆ ಪ್ರತಿಫಲವೂ ಉಂಟು: ಎಂಜಿನ್ನಿನ ಗದ್ದಲದಲ್ಲಿ ಮುಳುಗಿಹೋಗಿದ್ದ ಪಂಪಿನ ನೀರಿನ ಸದ್ದು, ದೂರದ ರೈಲಿನ ಕೂಗು, ಹೊಲದಲ್ಲಿ ಒಬ್ಬರನ್ನೊಬ್ಬರು ಕರೆಯುವ ದನಿ, ಇವೆಲ್ಲ ದಾರಿಗೆ ಮರಳಿ ಬರುತ್ತವೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆಗುವುದು ರಸ್ತೆಯಲ್ಲಲ್ಲ, ಮನೆಯಲ್ಲಿ. ಪೆಟ್ರೋಲ್ ದಾರಿಯಲ್ಲಿ ಸಿಗುವ ವಸ್ತು. ಹೊರಟ ಮೇಲೂ ಯೋಚಿಸಬಹುದು. ಬ್ಯಾಟರಿಯ ಪ್ರಯಾಣ ಹಿಂದಿನ ರಾತ್ರಿಯೇ ನಿಶ್ಚಯವಾಗಬೇಕು. ಹಳ್ಳಿಯ ಹಿರಿಯರಿಗೆ ಇದು ಹೊಸತೇನಲ್ಲ. ನಾಳೆ ಗಾಡಿ ಕಟ್ಟುವುದಿದ್ದರೆ ಇಂದು ರಾತ್ರಿಯೇ ಎತ್ತುಗಳಿಗೆ ಹುಲ್ಲು, ಹುರುಳಿ ಹಾಕಿ, ನೀರು ಕುಡಿಸಿ, ಮಲಗಿಸುತ್ತಿದ್ದವರು ಅವರು. ಎತ್ತು ಎಷ್ಟು ದೂರ ನಡೆದೀತು, ಎಲ್ಲಿ ದಣಿದೀತು, ಎಷ್ಟು ಹೇರಿದರೆ ತಡೆದೀತು ಎಂಬುದು ಅವರಿಗೆ ತಿಳಿದಿತ್ತು. ನಡುವೆ ಬಂದ ಪೆಟ್ರೋಲಿನ ತಲೆಮಾರು ಆ ತಿಳಿವನ್ನು ಮರೆಯಿತು. ಈಗ ಸೊಸೆ ಊಟದ ಪಾತ್ರೆ ತೊಳೆದಿಟ್ಟು ಗಾಡಿಯ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವಾಗ, ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕಿ ಬರುತ್ತಿದ್ದ ಮಾವನ ಕೆಲಸವನ್ನೇ ಮುಂದುವರಿಸುತ್ತಿದ್ದಾಳೆ. ತೀರ ಇಳಿದ ಬ್ಯಾಟರಿ ತುಂಬಲು ನಾಲ್ಕೈದು ಗಂಟೆ ಬೇಕು. ಮೇ ತಿಂಗಳಲ್ಲೋ ಅಕ್ಟೋಬರಿನಲ್ಲೋ ಗಾಳಿಮಳೆ ಬಿದ್ದು ಕಂಬ ಉರುಳಿದರೆ ಇಡೀ ರಾತ್ರಿ ಕತ್ತಲೆ. ಆದ್ದರಿಂದ ಮಳೆಯ ತಿಂಗಳುಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸದೆ ಇರುವುದು ಜಾಣತನ. ಕಣಜದಲ್ಲಿ ಯಾವಾಗಲೂ ಒಂದಿಷ್ಟು ಉಳಿಸಿಕೊಳ್ಳುವ ಬೇಸಾಯಗಾರನ ಮನೆಗೆ ಇದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಎಚ್ಚರಿಕೆಯ ಮಾತುಗಳೂ ಇವೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟಿದ್ದರೂ ಅದರ ಹಿಂದೆ ಅರ್ತಿಂಗ್ ತಂತಿ ಇರುವುದಿಲ್ಲ; ಬಲ್ಲವರಿಂದ ಅದನ್ನು ಸರಿಪಡಿಸಿದ ಬಳಿಕವೇ ಚಾರ್ಜು ಮಾಡಬೇಕು. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿಯ ಪರೀಕ್ಷೆಯ ನಿಯಮಗಳನ್ನು ಸರ್ಕಾರ ಬಿಗಿಗೊಳಿಸಿತು. ಆದರೂ ಬಿಸಿಲಿನಲ್ಲಿ ಓಡಿ ಬಂದ ಗಾಡಿಯನ್ನು ಆರುವ ಮೊದಲೇ ಚಾರ್ಜಿಗೆ ಹಾಕದಿರುವುದು, ಮಲಗುವ ಕೋಣೆಯಲ್ಲಿ ಬ್ಯಾಟರಿ ಇಡದಿರುವುದು ಒಳ್ಳೆಯದು. ಬ್ಯಾಟರಿ ಸವೆದರೆ ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕಾದೀತು. ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ವಾರಂಟಿಯ ವರ್ಷಗಳನ್ನು ನೋಡಬೇಕು. ನಂಜನಗೂಡಿಗೆ ಹೋಗಿ ಬರುವುದು ಸುಲಭ. ಮೈಸೂರಿಗೆ ಹೋಗಿ ಬರಲು ನೂರು ಕಿಲೋಮೀಟರು. ಅಷ್ಟು ದೂರಕ್ಕೆ ಬದನಗುಪ್ಪೆಯವರಿಗೆ ರೈಲಿದೆ. ಎತ್ತಿನ ಗಾಡಿಯಲ್ಲಿ ಸ್ಟೇಷನ್ನಿಗೆ ಬಂದು ರೈಲು ಹತ್ತಿದ ಅಜ್ಜನ ಕ್ರಮ ಇಂದಿಗೂ ಹಳತಾಗಿಲ್ಲ.

ಈ ಸೀಮೆಗೂ ವಿದ್ಯುತ್ತಿಗೂ ಇರುವ ನಂಟು ಹೊಸದಲ್ಲ. ಇದೇ ಜಿಲ್ಲೆಯ ಅಂಚಿನಲ್ಲಿ, ಶಿವನಸಮುದ್ರದಲ್ಲಿ, 1902ರಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ಪಡೆದಾಗ ಅದು ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರು 1905ರಲ್ಲಿಯೂ ಮೈಸೂರು 1908ರಲ್ಲಿಯೂ ದೀಪ ಹಚ್ಚಿಕೊಂಡವು. ನೀರಿನ ಸೀಮೆಯ ಹಳ್ಳಿಗಳು ಬುಡ್ಡಿಯ ಬೆಳಕಿನಲ್ಲಿಯೇ ಬಹುಕಾಲ ಕುಳಿತಿದ್ದವು. ನದಿಯ ಶಕ್ತಿ ಊರ ಪಕ್ಕದಿಂದಲೇ ಹಾದು ಬೇರೆಯವರ ಕೆಲಸಕ್ಕೆ ಹೋಗುತ್ತಿತ್ತು.

ಇಂದು ರಾತ್ರಿ ಎಂಟು ಗಂಟೆ ಹತ್ತು ನಿಮಿಷಕ್ಕೆ, ಕೈಗೆ ಸಾಬೂನು ಹಚ್ಚಿ ತೊಳೆದುಕೊಂಡು ಆಸ್ಪತ್ರೆಯ ಬಾಗಿಲು ದಾಟಿದ ಹೆಣ್ಣುಮಗಳೊಬ್ಬಳು ಬಸ್ಸಿನ ವೇಳೆಯನ್ನು ಯಾರಲ್ಲಿಯೂ ಕೇಳದೆ ಮರಿಯಾಲದ ಕಡೆಗೆ ಗಾಡಿ ತಿರುಗಿಸುತ್ತಾಳೆ. ಎಂಟೂವರೆಗೆಲ್ಲ ಬದನಗುಪ್ಪೆ. ಮಕ್ಕಳಿನ್ನೂ ಮಲಗಿರುವುದಿಲ್ಲ.