ಪಣಕ್ಕಿಟ್ಟ ಮುಡಿ

ಜಾತ್ರೆಯ ಕುಸ್ತಿಯಲ್ಲಿ ಗೆದ್ದವನಿಗೆ ದೊರೆಯುವುದೇನೆಂಬುದನ್ನು ನಾವೆಲ್ಲ ಬಲ್ಲೆವು. ಬೆಳ್ಳಿಯ ಗದೆ, ಬೆಳ್ಳಿಯ ಕಡಗ, ನಗದು ಬಹುಮಾನ, ಹಳ್ಳಿಗಳಲ್ಲಿ ಒಮ್ಮೊಮ್ಮೆ ಟಗರು. ಸೋತವನು ಮೈಮೇಲಿನ ಮಣ್ಣನ್ನು ಕೊಡವಿಕೊಂಡು ಮನೆಗೆ ಹೋಗುತ್ತಾನೆ. ಅವನಿಂದ ಯಾರೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಆದರೆ ಸೋತವಳ ತಲೆಯನ್ನು ಅಲ್ಲಿಯೇ, ಸಾವಿರಾರು ಜನರ ಎದುರಿಗೇ ಬೋಳಿಸತಕ್ಕದ್ದು ಎಂಬ ಕರಾರಿನ ಮೇಲೆ ನಡೆದ ಕುಸ್ತಿಯೊಂದುಂಟು. 1985ರ ಆಗಸ್ಟ್ 28ರಂದು ಜಪಾನಿನ ಒಸಾಕಾ ನಗರದ ಒಸಾಕಾ-ಜೋ ಸಭಾಂಗಣದಲ್ಲಿ ಚಿಗುಸಾ ನಗಾಯೊ ಹಾಗೂ ಡಂಪ್ ಮತ್ಸುಮೊಟೊ ಎಂಬ ಇಬ್ಬರು ಯುವತಿಯರ ನಡುವೆ ಜರುಗಿದ ಪಂದ್ಯವದು. ಮಹಿಳೆಯರ ವೃತ್ತಿಕುಸ್ತಿಯ ಚರಿತ್ರೆಯನ್ನು ಬಲ್ಲವರು ಇಂದಿಗೂ ಅದನ್ನು ಮೇರುಪಂದ್ಯಗಳ ಸಾಲಿನಲ್ಲಿಟ್ಟು ಮಾತನಾಡುತ್ತಾರೆ.

ನಮ್ಮ ಕುಟುಂಬಗಳ ಮಾಸಪತ್ರಿಕೆಯಲ್ಲಿ ಈ ವಿಷಯವೇಕೆಂದು ಓದುಗ ಬಂಧುಗಳು ಹುಬ್ಬೇರಿಸಬಹುದು. ನಾನಾದರೂ ಇದನ್ನು ಹುಡುಕಿಕೊಂಡು ಹೋದವಳಲ್ಲ. ಡಂಪ್‌ಳ ಜೀವನವನ್ನು ಆಧರಿಸಿದ ಜಪಾನಿ ಧಾರಾವಾಹಿಯೊಂದು 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿತು. ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿರುವ ಮೊಮ್ಮಗಳು ಅದನ್ನು ನೋಡಿ ಮುಗಿಸಿದವಳೇ ಹಳೆಯ ಮೂಲಪಂದ್ಯದ ಚಿತ್ರಣವನ್ನು ಹುಡುಕಿ ಟಿ.ವಿ.ಗೆ ಹಾಕಿದಳು. ಮಗಳ ಮನೆಗೆಂದು ಭದ್ರಾವತಿಯಿಂದ ಹೋಗಿದ್ದ ನಾವಿಬ್ಬರೂ ಅವಳೊಂದಿಗೆ ಕುಳಿತು ನೋಡಿದೆವು.

ನಮ್ಮ ಯಜಮಾನರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಯೌವನದಲ್ಲಿ ಗರಡಿಮನೆಯ ಮಟ್ಟಿಯಲ್ಲಿ ಹೊರಳಿದವರು. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿಗಳನ್ನು ತಪ್ಪಿಸಿಕೊಂಡವರಲ್ಲ. ಪಂದ್ಯ ಆರಂಭವಾಗಿ ಸ್ವಲ್ಪ ಹೊತ್ತಿಗೇ ಅವರು, “ಇದು ಕುಸ್ತಿಯಲ್ಲ, ಪಟ್ಟು ಎಲ್ಲಿದೆ?” ಎಂದುಬಿಟ್ಟರು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಮ್ಮ ಕಣದಲ್ಲಿ ಇಬ್ಬರು ಪೈಲ್ವಾನರು ಕೈ ಬೆಸೆದು ಒಬ್ಬರ ಬಲವನ್ನೊಬ್ಬರು ಅಳೆಯುತ್ತಾರೆ, ತಾಳ್ಮೆಯಿಂದ ಪಟ್ಟಿಗೆ ಹೊಂಚುತ್ತಾರೆ, ಬೆನ್ನು ನೆಲಕ್ಕೆ ತಾಗಿದಾಗ ಚಿತ್ ಆಯಿತೆಂದು ಎಲ್ಲರೂ ಒಪ್ಪುತ್ತಾರೆ. ಒಸಾಕಾದಲ್ಲಿ ಅಂಥದೇನೂ ಇಲ್ಲ. ಡಂಪ್ ಬರುವುದೇ ತನ್ನ ಕೂಟದವರನ್ನು ಬೆನ್ನಿಗಿಟ್ಟುಕೊಂಡು. ಮುಖದ ತುಂಬ ಭಯಂಕರವಾದ ಬಣ್ಣ, ಭಾರೀ ದೇಹ. ಚೂಪಾದ ಲೋಹದ ಸಾಮಾನುಗಳಿಂದ ಎದುರಾಳಿಯ ಹಣೆಯನ್ನು ಗಾಯಗೊಳಿಸುತ್ತಾಳೆ. ತೀರ್ಪುಗಾರ ಅಬೆ ಎಂಬಾತನೋ ಸದಾ ದುಷ್ಟರ ಪಕ್ಷಪಾತಿಯೆಂದೇ ಹೆಸರಾದವನು. ಚಿಗುಸಾ ತಂದೆಯಿಂದ ಬಾಲ್ಯದಲ್ಲೇ ಕರಾಟೆ ಕಲಿತವಳು. ಅವಳ ಒದೆತಗಳಲ್ಲಿ ಅಳತೆಯಿದೆ, ಬಿರುಸಿದೆ. ಆದರೆ ಆ ವಿದ್ಯೆಗೆ ಈ ಪಂದ್ಯದಲ್ಲಿ ದೊರೆತ ಅವಕಾಶ ಅತ್ಯಲ್ಪ. ಕುಸ್ತಿಯೆಂದೇ ತೂಗುವುದಾದರೆ ಇದು ನಿಸ್ಸಂಶಯವಾಗಿ ಬಡವಾದ ಪಂದ್ಯ. ರಕ್ತವೂ ಆಯುಧವೂ ವಿದ್ಯೆಯನ್ನು ನುಂಗಿಬಿಟ್ಟಿವೆ.

ಮೊಮ್ಮಗಳ ಆಕ್ಷೇಪವೇ ಬೇರೆ. “ಅಜ್ಜಿ, ಇವರ ಗೆಲುವು ಸೋಲು ಮೊದಲೇ ನಿಶ್ಚಯವಾಗಿರುತ್ತೆ. ಸುಮ್ಮನೆ ಅಳಬೇಡಿ” ಎಂದಳು. ಅದೂ ನಿಜವೇ. ವೃತ್ತಿಕುಸ್ತಿಯೆಂದರೆ ಅದೇ. ಚಿಗುಸಾ ಮತ್ತು ಡಂಪ್ 1980ರ ಆಗಸ್ಟ್‌ನಲ್ಲಿ ಒಟ್ಟಿಗೇ ಕಣಕ್ಕಿಳಿದ ಒಂದೇ ತಂಡದ ಹುಡುಗಿಯರು. 1968ರಲ್ಲಿ ಮತ್ಸುನಾಗ ಸಹೋದರರು ಕಟ್ಟಿ, 2005ರವರೆಗೆ ನಡೆಸಿದ ಅಖಿಲ ಜಪಾನ್ ಮಹಿಳಾ ಕುಸ್ತಿ ಸಂಸ್ಥೆಯಲ್ಲಿ ಇಬ್ಬರೂ ಸಂಬಳದವರು. ಚಿಗುಸಾ ತನ್ನ ಜೊತೆಗಾತಿ ಲಯನೆಸ್ ಅಸುಕಾಳೊಡನೆ ‘ಕ್ರಷ್ ಗ್ಯಾಲ್ಸ್’ ಎಂಬ ಜೋಡಿ ಕಟ್ಟಿ ಕುಸ್ತಿಯನ್ನೂ ಆಡಿದಳು, ಹಾಡಿನ ಮುದ್ರಿಕೆಗಳನ್ನೂ ತಂದಳು. ದೂರದರ್ಶನದಲ್ಲಿ ಅವರನ್ನು ಕಂಡ ಶಾಲಾಬಾಲಕಿಯರು ಜಪಾನಿನಾದ್ಯಂತ ಹುಚ್ಚೆದ್ದರು. ಆ ದಿನ ಸಭಾಂಗಣವನ್ನು ತುಂಬಿದ್ದವರೂ ಬಹುಪಾಲು ಅವರೇ.

ಮೊದಲೇ ನಿಶ್ಚಯವಾದದ್ದೆಂಬ ಕಾರಣಕ್ಕೆ ಅದು ಸುಳ್ಳಾಯಿತೆ? ಮಲೆನಾಡಿನವರಾದ ನಾವು ಈ ಪ್ರಶ್ನೆಗೆ ಅವಸರದಿಂದ ಉತ್ತರಿಸಲಾರೆವು. ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ದುಶ್ಶಾಸನನು ದ್ರೌಪದಿಯ ಮುಡಿಗೆ ಕೈಯಿಕ್ಕುವನೆಂಬುದು ಗೊತ್ತಿರುವುದಿಲ್ಲವೆ? ಗೊತ್ತಿದ್ದೂ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೇರುತ್ತದೆ. ಆ ಪ್ರಸಂಗವನ್ನು ಎತ್ತಿ ನಿಲ್ಲಿಸುವವನು ದುಶ್ಶಾಸನನ ವೇಷಧಾರಿಯೇ; ಅವನು ಅಳುಕಿದರೆ ದ್ರೌಪದಿಯ ಅಳುವೂ ಪೇಲವವಾಗುತ್ತದೆ. ಒಸಾಕಾದ ಪಂದ್ಯದಲ್ಲಿ ನನ್ನ ಮೆಚ್ಚುಗೆ ಹೆಚ್ಚಾಗಿ ಸಲ್ಲುವುದು ಡಂಪ್‌ಳಿಗೆ. ಆಗ ಅವಳಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಇಡೀ ದೇಶದ ಹುಡುಗಿಯರ ದ್ವೇಷವನ್ನು ಮೈಮೇಲೆ ಹಾಕಿಕೊಂಡು, ಒಂದು ಕ್ಷಣವೂ ಕರುಣೆಯ ಸುಳಿವು ಕೊಡದೆ ಆ ಪಾತ್ರವನ್ನು ನಿರ್ವಹಿಸುವುದು ಸಾಮಾನ್ಯದ ಮಾತಲ್ಲ. ಒಳ್ಳೆಯವಳೆನಿಸಿಕೊಳ್ಳುವ ಆಸೆಯನ್ನು ಇಷ್ಟು ಪೂರ್ತಿಯಾಗಿ ಬಿಟ್ಟುಕೊಟ್ಟ ಹೆಣ್ಣನ್ನು ನಾನು ರಂಗದ ಮೇಲಾಗಲಿ ಹೊರಗಾಗಲಿ ಕಂಡಿಲ್ಲ.

ಆದರೆ ಕೂದಲು ಮಾತ್ರ ವೇಷದ್ದಲ್ಲ. ಚಿಗುಸಾ ಏಳಲಾರದೆ ಸೋತ ಮೇಲೆ, ಹಣೆಯ ರಕ್ತ ಇನ್ನೂ ಆರಿರದಾಗಲೇ, ಅವಳನ್ನು ಕೂರಿಸಿ ಯಂತ್ರದಿಂದ ತಲೆ ಬೋಳಿಸಲಾಯಿತು. ಯಕ್ಷಗಾನದ ಮುಡಿಯನ್ನು ಚೌಕಿಯಲ್ಲಿ ಬಿಚ್ಚಿ ಪೆಟ್ಟಿಗೆಗೆ ಇಡಬಹುದು. ಈ ಮುಡಿ ಚಿಗುಸಾಳ ಸ್ವಂತದ್ದು. ಹುಡುಗಿಯರು ಕಿರುಚುತ್ತಾರೆ, ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿಕ್ಕುತ್ತಾರೆ. ಮೊಮ್ಮಗಳೂ ಸುಮ್ಮನಾದಳು. ನಾನು ಎದ್ದು ಅಡುಗೆಮನೆಗೆ ಹೋದೆ.

ಅದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನಗೆ ರೋಗ ಕಾಣಿಸಿಕೊಂಡು ದೀರ್ಘಕಾಲದ ಚಿಕಿತ್ಸೆಯಾಯಿತು; ಎರಡನೆಯ ಸರದಿಯ ಔಷಧಿಯ ಹೊತ್ತಿಗೆ ತಲೆಯಲ್ಲಿ ಒಂದೆಳೆ ಕೂದಲೂ ಉಳಿಯಲಿಲ್ಲ. ರೋಗದ ಭಯವನ್ನು ಹೇಗೋ ಸಹಿಸಿದೆ. ನೋಡಲು ಬಂದವರ ಕಣ್ಣು ನನ್ನ ಮುಖದ ಮೇಲೆ ನಿಲ್ಲದೆ ಮೇಲಕ್ಕೆ ಹೋಗುತ್ತಿದ್ದುದನ್ನು ಸಹಿಸುವುದು ಕಷ್ಟವಾಯಿತು. ಆ ವರ್ಷ ಶ್ರಾವಣದಲ್ಲಿ ಪರಿಚಿತರ ಮನೆಯೊಂದಕ್ಕೆ ಅರಿಸಿನ ಕುಂಕುಮಕ್ಕೆ ಹೋಗಿದ್ದೆ. ತಲೆಯ ತುಂಬ ಸೆರಗು ಹೊದ್ದಿದ್ದೆ. ಕುಂಕುಮದ ಬಟ್ಟಲು ಹಿಡಿದ ಹೆಂಗಸು ನನ್ನ ಮುಂದೆ ಬಂದು ಅರೆಕ್ಷಣ ತಡೆದು, ಪಕ್ಕದವರ ಮುಖ ನೋಡಿ, ಆಮೇಲೆ ಕೊಟ್ಟಳು. ಯಜಮಾನರು ಹೊರಗಿನ ಪಡಸಾಲೆಯಲ್ಲೇ ಕುಳಿತಿದ್ದರು. ಆ ಅರೆಕ್ಷಣದ ಅರ್ಥ ನನಗೂ ತಿಳಿಯಿತು, ಅವಳಿಗೂ ತಿಳಿಯಿತು.

ನಮ್ಮ ಸಮಾಜದಲ್ಲಿ ವಿಧವೆಯರ ತಲೆ ಬೋಳಿಸುವ ರೂಢಿ ಇರಲಿಲ್ಲ. ಉಡಿಕೆಯ ಮದುವೆಯೂ ಇದ್ದಿತು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇದೇ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯು ಕೇಶವನ್ನೇ ಉಡುಗೆಯಾಗಿಸಿಕೊಂಡು ನಡೆದಳೆಂದು ಮಕ್ಕಳಿಗೆ ಕಥೆ ಹೇಳುತ್ತೇವೆ. ಆದರೆ ನೆರೆಮನೆಯ ರೂಢಿಯ ಅರ್ಥ ನಮ್ಮ ಮನಸ್ಸಿನೊಳಗೂ ಬೇರು ಬಿಟ್ಟಿದೆ. ತೀರ್ಥಹಳ್ಳಿಯ ಎಂ. ಕೆ. ಇಂದಿರಾ ಅವರು 1976ರಲ್ಲಿ ‘ಫಣಿಯಮ್ಮ’ ಬರೆದರು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಬಾಲವಿಧವೆಯೊಬ್ಬಳ ತಲೆಯಿಂದ ಕೂದಲು ಹೋದೊಡನೆ ಅವಳಿಂದ ಏನೇನು ಹೋಯಿತೆಂಬುದನ್ನು ಓದಿದವರು ಮರೆಯಲಾರರು. ಹೆಣ್ಣಿನ ಬೋಳುತಲೆ ನಮ್ಮಲ್ಲಿ ಒಂದು ತೀರ್ಪು.

ಗಂಡಸರ ವಿಷಯದಲ್ಲಿ ಹಾಗಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನೆನೆಯಿರಿ. ಜಟ್ಟಿಗಳು ತಲೆ ಬೋಳಿಸಿಕೊಂಡೇ ಕಣಕ್ಕೆ ಇಳಿಯುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಅಲ್ಲಿ ಬೋಳುತಲೆಯೇ ಸಿದ್ಧತೆ, ಅದೇ ಗೌರವ. ಒಸಾಕಾದಲ್ಲಿ ರಕ್ತ ಮೊದಲು, ಬೋಳುತಲೆ ಆಮೇಲೆ; ಅದು ಅವಮಾನ. ಹೆಣ್ಣು ಕಣಕ್ಕಿಳಿದಾಗ ಅವಳ ವಿದ್ಯೆಗಿಂತ ಹೆಚ್ಚಾಗಿ ಅವಳ ಮೈಯನ್ನೇ ಪಣಕ್ಕಿಡುವ ಚಪಲ ಎಲ್ಲೆಡೆಯೂ ಇದ್ದೀತು. ನಮ್ಮ ದೇಶದ ಪೈಲ್ವಾನೆ ಹಮೀದಾ ಬಾನು ಕೂಡ 1954ರಲ್ಲಿ ತನ್ನನ್ನು ಸೋಲಿಸಿದವನನ್ನು ಮದುವೆಯಾಗುವೆನೆಂದು ಸವಾಲು ಹಾಕಿದ್ದಳು. ಬರೋಡಾದಲ್ಲಿ ಬಾಬಾ ಪೈಲ್ವಾನನನ್ನು ಎರಡು ನಿಮಿಷದೊಳಗೇ ಕೆಡವಿದಳು. ಆದರೂ ಪತ್ರಿಕೆಗಳಿಗೆ ಅವಳ ಪಟ್ಟಿಗಿಂತ ಅವಳ ಮದುವೆಯೇ ಸ್ವಾರಸ್ಯದ ಸುದ್ದಿಯಾಯಿತು.

ಆದ್ದರಿಂದ ಈ ಪಂದ್ಯದ ನಿಜವಾದ ದೋಷ ಪಕ್ಷಪಾತಿ ತೀರ್ಪುಗಾರನಲ್ಲ, ಲೋಹದ ಸಾಮಾನೂ ಅಲ್ಲ. ಅವೆಲ್ಲ ಪ್ರಸಂಗದ ಸಾಮಗ್ರಿಗಳು. ಹುಡುಗಿಯರ ನಾಚಿಕೆಯನ್ನು ಟಿಕೀಟಿಗೆ ಮಾರಿದವರು ಗಂಡಸರಾದ ಮಾಲೀಕರು, ಮತ್ತು ಅವರ ತಲೆಯಿಂದ ಒಂದು ಕೂದಲೂ ಹೋಗಲಿಲ್ಲ. ಇಷ್ಟನ್ನು ಹೇಳಿಯೂ ಇದನ್ನು ಹೀನವೆಂದು ತಳ್ಳಿಹಾಕಲು ನನಗೆ ಮನಸ್ಸೊಪ್ಪದು. ಅಡುಗೆಮನೆಯಿಂದ ಹಿಂತಿರುಗಿ ಬಂದಾಗ ಚಿಗುಸಾ ಬೋಳುತಲೆಯಲ್ಲಿದ್ದಳು, ಹುಡುಗಿಯರು ಅವಳ ಹೆಸರನ್ನೇ ಕೂಗುತ್ತಿದ್ದರು. ಅವಳನ್ನು ಅವರು ಕೈಬಿಡಲಿಲ್ಲ. ಅವಳೂ ಮರೆಯಾಗದೆ ಅದೇ ತಲೆಯಲ್ಲಿ ಕಣಕ್ಕೆ ಮರಳಿದಳು. 1989ರಲ್ಲಿ ನಿವೃತ್ತಳಾದವಳು 1993ರಲ್ಲಿ ಮತ್ತೆ ಬಂದು, ಮುಂದೆ ತನ್ನದೇ ಸಂಸ್ಥೆ ಕಟ್ಟಿ ಹುಡುಗಿಯರಿಗೆ ವಿದ್ಯೆ ಕಲಿಸಿದಳು. 2024ರ ಧಾರಾವಾಹಿಯ ನಟಿಯರನ್ನು ಕುಸ್ತಿಗೆ ತಯಾರು ಮಾಡಿದವಳೂ ಅವಳೇ. ಅವಳ ಪಾತ್ರ ವಹಿಸಿದ ನಟಿ ಎರಿಕಾ ಕರಾತಾ ಆ ದೃಶ್ಯಕ್ಕಾಗಿ ತನ್ನ ಸ್ವಂತ ಕೂದಲನ್ನೇ ತೆಗೆಸಿದಳು.

ಮಾರನೆಯ ವರ್ಷ, 1986ರ ನವೆಂಬರಿನಲ್ಲಿ, ಅದೇ ಕರಾರಿನ ಮೇಲೆ ಇಬ್ಬರೂ ಮತ್ತೆ ಎದುರಾದರು. ಈ ಸಲ ಸೋತವಳು ಡಂಪ್. ಬೋಳಾದದ್ದೂ ಅವಳ ತಲೆಯೇ. ಮೊಮ್ಮಗಳು ಅದನ್ನೂ ಹುಡುಕಿ ಹಾಕಿದಳು. “ಈಗ ಸರಿಹೋಯ್ತು ನೋಡಿ” ಎಂದು ಚಪ್ಪಾಳೆ ತಟ್ಟಿದಳು. ಯಜಮಾನರಿಗೂ ಸಮಾಧಾನವಾದಂತೆ ಕಂಡಿತು. ದುಷ್ಟನ ಬೆನ್ನು ನೆಲಕ್ಕೆ ತಾಗಲೇಬೇಕೆನ್ನುವವರು ಅವರು. ನನಗೆ ಮಾತ್ರ ಎರಡನೆಯ ಪಂದ್ಯ ಸಪ್ಪೆಯೆನಿಸಿತು. ಮೊದಲನೆಯದರಲ್ಲಿ ಬಿಕ್ಕಿದಂಥ ಹುಡುಗಿಯರೇ ಇಲ್ಲಿ ಇನ್ನೊಂದು ಹೆಣ್ಣಿನ ತಲೆ ಬೋಳಾಗುವುದನ್ನು ಕಂಡು ನಲಿಯುತ್ತಿದ್ದರು. ಡಂಪ್‌ಳಿಗಾಗಿ ಅಳುವವರು ಆ ಸಭಾಂಗಣದಲ್ಲಿ ಎಷ್ಟು ಮಂದಿ ಇದ್ದರೋ ಎಂದು ನಾನು ಪರದೆಯ ಅಂಚಿನವರೆಗೂ ಹುಡುಕಿದೆ. ಮೊಮ್ಮಗಳು ಅಷ್ಟರಲ್ಲಿ ಟಿ.ವಿ. ಆರಿಸಿ ಊಟಕ್ಕೆ ತಟ್ಟೆ ಹಾಕಲು ಎದ್ದಿದ್ದಳು.