ಗುಬ್ಬಿಯ ಕಂಪನಿಯೂ ನಮ್ಮ ಮನೆಯೂ



ಗುಬ್ಬಿ ಕಂಪನಿಯೆಂದೊಡನೆ ತಮ್ಮ ಕಣ್ಣೆದುರಿಗೆ ಬರುವುದು 1934ರ ‘ಕುರುಕ್ಷೇತ್ರ’. ರಂಗದ ಮೇಲೆ ನಿಜವಾದ ಆನೆಕುದುರೆಗಳೇ ಬಂದ ಆ ವೈಭವ. ನಾನಾದರೋ ಅದಕ್ಕೂ ಬಹು ಹಿಂದಿನ ಮಾತನ್ನು ಹೇಳಹೊರಟಿದ್ದೇನೆ.

1884ರಲ್ಲಿ ಗುಬ್ಬಿಯ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಸ್ನೇಹಿತರು ಮತಭೇದವೆಣಿಸದೆ ಕೂಡಿ ಒಂದು ನಾಟಕ ಮಂಡಳಿಯನ್ನು ಕಟ್ಟಿದರು. ಅದಕ್ಕೆ ಊರ ಆರಾಧ್ಯದೈವವಾದ ಚನ್ನಬಸವೇಶ್ವರಸ್ವಾಮಿಯ ಹೆಸರನ್ನೇ ಇಟ್ಟರು. ದೈವದ ಹೆಸರಿದ್ದರೇನು? ಬಣ್ಣ ಹಚ್ಚುವವನಿಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಿದ್ದ ಕಾಲವದು. ಸ್ತ್ರೀಪಾತ್ರಗಳನ್ನೂ ಗಂಡಸರೇ ವಹಿಸಬೇಕಾಗಿದ್ದಿತು. ಆದುದರಿಂದ ಮೀಸೆ ಮೂಡದ, ಕಂಠವುಳ್ಳ ಹುಡುಗನೆಂದರೆ ಮಂಡಳಿಗಳಿಗೆ ನಿಧಿಯಿದ್ದಂತೆ.

ಅಂತಹ ಕಂಠ ನಮ್ಮ ತಾತನವರಿಗಿದ್ದಿತು. ಹನ್ನೆರಡನೆಯ ವಯಸ್ಸಿನಲ್ಲಿ ಅವರು ಯಾರಿಗೂ ಹೇಳದೆ ಕಂಪನಿಯ ಗಾಡಿಗಳ ಹಿಂದೆ ಕುಣಿಗಲ್ಲಿನ ದಾರಿ ಹಿಡಿದರಂತೆ. ಮೂರನೆಯ ದಿನ ಮುತ್ತಾತನವರು ಕುಣಿಗಲ್ ಕೆರೆಯ ಏರಿಯ ಮೇಲೆ ಮಗನನ್ನು ಹಿಡಿದು, ಹುಣಿಸೆ ಬರಲಿನಿಂದ ಬಾರಿಸಿ, ಮನೆಗೆ ಕರೆತಂದರು. “ಕುಣಿಯುವುದೂ ಒಂದು ಕಾಯಕವೇನೋ?” ಎಂದು ಕೇಳಿದರಂತೆ. ತಾತನವರು ಆಮೇಲೆ ಅರವತ್ತು ವರ್ಷ ಅಡಿಕೆ ವ್ಯಾಪಾರ ಮಾಡಿದರು. ಭಜನೆಯಲ್ಲಿಯೂ ಬಾಯಿ ತೆರೆಯಲಿಲ್ಲ.

ಅವರ ಓರಗೆಯವರೇ ಆದ ವೀರಣ್ಣನವರು (ಜನನ 1891) ಬಾಲಕರಾಗಿ ಅದೇ ಕಂಪನಿಯನ್ನು ಸೇರಿ, 1917ರಲ್ಲಿ ಅದರ ಒಡೆಯರಾದರು. ಮುಂದಿನದನ್ನು ತಾವು ಬಲ್ಲಿರಿ. 1972ರಲ್ಲಿ ಪದ್ಮಶ್ರೀ ಬಂದಿತು. ಆ ವರ್ಷವೇ ಅವರು ಲಿಂಗೈಕ್ಯರಾದರು. ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಕಲೆಯೇ ಕಾಯಕ’. ಮುತ್ತಾತನವರ ಪ್ರಶ್ನೆಗೆ ಉತ್ತರ ಆ ಹೊದಿಕೆಯ ಮೇಲೆಯೇ ಅಚ್ಚಾಗಿತ್ತು. ಆದರೆ ಅದನ್ನು ನೋಡಲು ಮುತ್ತಾತನವರು ಇರಲಿಲ್ಲ.

ಇಷ್ಟನ್ನೆಲ್ಲ ತಿಳಿದಿದ್ದ ನಾನು ಮಾಡಿದ್ದೇನು? ತುಮಕೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದೆ. ಗುಬ್ಬಿ ಕಂಪನಿಯ ಮೇಲೆ ಭಾಷಣಗಳನ್ನೂ ಮಾಡಿದೆ. 1998ರಲ್ಲಿ ನನ್ನ ಮಗ ಹೆಗ್ಗೋಡಿನ ನೀನಾಸಂಗೆ ಸೇರಿ ರಂಗಶಿಕ್ಷಣ ಪಡೆಯುವೆನೆಂದು ಅರ್ಜಿ ತಂದು ಮುಂದಿಟ್ಟನು. ನಾನು ಬರಲು ಹಿಡಿಯಲಿಲ್ಲ, ನಿಜ. “ಹೊಟ್ಟೆಪಾಡು?” ಎಂದು ಒಂದೇ ಮಾತು ಕೇಳಿ ಪತ್ರಿಕೆಯತ್ತ ತಿರುಗಿದೆನು. ಅರ್ಜಿಯ ಕೊನೆಯ ದಿನ ತಾನಾಗಿಯೇ ಕಳೆದುಹೋಯಿತು. ಈಗ ಅವನು ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದಲ್ಲಿದ್ದಾನೆ.

ಹೋದ ಸಲದ ಗುಬ್ಬಿಯಪ್ಪನ ಜಾತ್ರೆಗೆ ಅವನು ಬಂದಿದ್ದನು. ರಾತ್ರಿ ನಾಟಕವಿತ್ತು. ನನ್ನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ ಎತ್ತಲೋ ಹೋದನು. ಮಧ್ಯೆ ತಿರುಗಿ ನೋಡಿದರೆ, ಹಾರ್ಮೋನಿಯಂ ಮೇಷ್ಟರ ಪಕ್ಕದಲ್ಲಿ ನಿಂತು, ರಂಗಗೀತೆಗೆ ತುಟಿಯಾಡಿಸುತ್ತಿದ್ದನು. ನನ್ನನ್ನು ಕಂಡೊಡನೆ ನಿಲ್ಲಿಸಿದನು.